ಓದುಗರ ಪ್ರಶ್ನೆ: ಸಂಬಳ ಕಂತಿಗೆ ಕಾಯುವ ಕೆಲಸ

ಪ್ರಶ್ನೆ: ಎಂಎಸ್‌ಡಬ್ಲ್ಯೂ ಮುಗಿಸಿ, ಐದೇ ಜನರಿರುವ ಸ್ವಯಂಸೇವಾ ಸಂಸ್ಥೆಯೊಂದಕ್ಕೆ ಕ್ಷೇತ್ರ ಸಂಯೋಜಕಿಯಾಗಿ ಸೇರಿದ್ದೇನೆ. ತರಬೇತಿ, ಫೋಟೊ, ವರದಿ, ಲೆಕ್ಕ ಎಲ್ಲವೂ ನನ್ನ ತಲೆಯ ಮೇಲೆ. ಏಪ್ರಿಲ್, ಮೇ ತಿಂಗಳ ಸಂಬಳ ಜೂನ್ ಕೊನೆಗೆ ಬಂತು. ಬ್ಯಾಂಕಿನಲ್ಲಿ ಹಣವಿದೆಯಲ್ಲ ಎಂದರೆ ‘ಅದು ಬೇರೆ ಪ್ರಾಜೆಕ್ಟಿನದು’ ಅನ್ನುತ್ತಾರೆ. ಇದು ನಿಜವೇ?
– ಓದುಗರು, ಸಿಂಧನೂರು

ಉತ್ತರ: ನಿಜವಿರಬಹುದು. ಒಂದು ಯೋಜನೆಗೆಂದು ಬಂದ ಹಣವನ್ನು, ಕೊಟ್ಟವರ ಒಪ್ಪಿಗೆಯಿಲ್ಲದೆ ಇನ್ನೊಂದರ ಸಂಬಳಕ್ಕೆ ಬಳಸುವಂತಿಲ್ಲ. ವಿದೇಶಿ ದೇಣಿಗೆಯಾದರೆ ಕಟ್ಟುನಿಟ್ಟು ಇನ್ನೂ ಹೆಚ್ಚು: ಅದು ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ದೇಶದೊಳಗಿನ ದೇಣಿಗೆಯ ಜೊತೆ ಬೆರೆಸಕೂಡದು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಅದರಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಮೊದಲು ಶೇ 50ರವರೆಗೆ ಅವಕಾಶವಿತ್ತು. ಕಚೇರಿ ಬಾಡಿಗೆ, ಲೆಕ್ಕ ಬರೆಯುವ ಖರ್ಚು, ವರದಿಯ ಖರ್ಚು ಎಲ್ಲ ಇದರೊಳಗೇ ಬರಬೇಕು. ಹೀಗಾಗಿ ಸಣ್ಣ ಸಂಸ್ಥೆಗೆ ಪ್ರತ್ಯೇಕ ಲೆಕ್ಕಿಗರನ್ನು ಇಟ್ಟುಕೊಳ್ಳುವುದು ಕಷ್ಟ, ಆ ಕೆಲಸ ನಿಮ್ಮಂಥವರ ಹೆಗಲಿಗೆ ಬೀಳುತ್ತದೆ.

ಆದರೂ ಸಂಬಳ ಕೊಡುವ ಹೊಣೆ ಸಂಸ್ಥೆಯದು, ದಾನಿಯದಲ್ಲ. ಮೂರು ತಿಂಗಳ ಸಂಬಳದಷ್ಟು ಸ್ವಂತ ಹಣವನ್ನು ಸಂಸ್ಥೆ ಎತ್ತಿಡಬೇಕು. ಟ್ರಸ್ಟಿಗಳ ಸಭೆಯಲ್ಲಿ ಇದನ್ನು ಇಡಿ ಎಂದು ಕಾರ್ಯದರ್ಶಿಗಳಿಗೆ ಬರವಣಿಗೆಯಲ್ಲೇ ಕೊಡಿ. ಇದು ದೂರು ಅಲ್ಲ, ನಿಮ್ಮ ಹಕ್ಕು.

ಇನ್ನು ದಾನಿಯಿಂದ ಬರುವ ಹಣದ ಕಂತು ತಡವಾಗುವುದು ಎಲ್ಲಿ? ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ, ಅಂದರೆ ಯುಸಿ, ಹೋಗದೆ ಮುಂದಿನದು ಸಾಮಾನ್ಯವಾಗಿ ಬಿಡುಗಡೆಯಾಗುವುದಿಲ್ಲ. ಯುಸಿಗೆ ಆಡಿಟರ್ ಸಹಿ ಬೇಕು, ಆಡಿಟರ್ ತಡೆಯುವುದು ವೋಚರ್ (ಖರ್ಚಿನ ಚೀಟಿ) ನೋಡಿ. ತರಬೇತಿಯ ಹಾಜರಿ ಪಟ್ಟಿಯಲ್ಲಿ 28 ಸಹಿ, ಊಟದ ಬಿಲ್ಲಿನಲ್ಲಿ 35 ಊಟ ಅಂತಿಟ್ಟುಕೊಳ್ಳಿ. ಉಳಿದ ಏಳರಲ್ಲಿ ಜೀಪ್ ಚಾಲಕರು, ಸಂಪನ್ಮೂಲ ವ್ಯಕ್ತಿ, ತಾಯಂದಿರ ಜೊತೆ ಬಂದ ಮಕ್ಕಳು ಇರಬಹುದು. ಅದನ್ನು ಅಂದೇ ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿ. ಮಾರ್ಚ್‌ನಲ್ಲಿ ನೆನಪಿಸಿಕೊಂಡು ಬರೆದದ್ದನ್ನು ಯಾರೂ ನಂಬುವುದಿಲ್ಲ. ಬಿಲ್ ಸಂಸ್ಥೆಯ ಹೆಸರಿನಲ್ಲಿರಲಿ, ಮೇಲೆ ಯೋಜನೆಯ ಹೆಸರಿರಲಿ. 5,000 ರೂಪಾಯಿ ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ. ಒಬ್ಬರಿಗೇ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆ ಲೆಕ್ಕದಲ್ಲಿ ತೊಡಕಾಗುತ್ತದೆ; ಬ್ಯಾಂಕಿನ ಮೂಲಕವೇ ಕೊಡಿ. ಪ್ರತಿ ಶನಿವಾರ ಒಂದು ಗಂಟೆ ಇದಕ್ಕೆಂದೇ ಇಟ್ಟುಕೊಂಡರೆ ವರ್ಷದ ಕೊನೆಯ ಒದ್ದಾಟ ಬಹುಪಾಲು ತಪ್ಪುತ್ತದೆ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಎಂಟು ಜನ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ) ಎರಡೂ ಇಲ್ಲ. ಸಂಬಳವನ್ನು ‘ಗೌರವಧನ’ ಎಂದು ಬರೆಯುತ್ತಾರೆ.
– ಓದುಗರು, ಹಾವೇರಿ

ಉತ್ತರ: ಪಿಎಫ್ ಕಡ್ಡಾಯವಾಗುವುದು 20 ನೌಕರರಿದ್ದಾಗ, ಇಎಸ್‌ಐ 10 ಜನರಿದ್ದಾಗ, ಅದೂ ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದವರಿಗೆ. ಗ್ರಾಚ್ಯುಟಿಗೂ (ಕೆಲಸ ಬಿಡುವಾಗ ಸಿಗುವ ಇಡಿಗಂಟು) 10 ಜನ ಬೇಕು. ಆದರೆ ಸಂಸ್ಥೆ ಮತ್ತು ಹೆಚ್ಚಿನ ನೌಕರರು ಒಪ್ಪಿದರೆ ಸ್ವಯಂಪ್ರೇರಣೆಯಿಂದ ಪಿಎಫ್‌ಗೆ ಸೇರಬಹುದು. ಅದರಲ್ಲಿ ಸಂಸ್ಥೆಯ ಪಾಲಿಗೂ ಆರೋಗ್ಯ ವಿಮೆಗೂ ಯೋಜನಾ ಪ್ರಸ್ತಾವನೆ ಬರೆಯುವಾಗಲೇ ಒಂದೊಂದು ಸಾಲು ಹಾಕಿಸಿ. ಬಜೆಟ್ ಮಂಜೂರಾದ ಮೇಲೆ ಸೇರಿಸುವುದು ಕಷ್ಟ. ‘ಗೌರವಧನ’ ಎಂಬ ಪದ ಬೇಡ. ಮುಂದೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಸಂಬಳ ಚೀಟಿ ಕೇಳುತ್ತಾರೆ. ಹುದ್ದೆ, ಸಂಬಳ, ಸೇರಿದ ದಿನ, ನೋಟಿಸ್ ಅವಧಿ ಇರುವ ನೇಮಕಾತಿ ಪತ್ರ ಪಡೆಯಿರಿ. ಕಾರ್ಯದರ್ಶಿ ಬದಲಾಗುವ ಮೊದಲೇ ಕೇಳಿ. ಹೊಸಬರಿಗೆ ನಿಮ್ಮ ಹಳೆಯ ಕೆಲಸದ ಲೆಕ್ಕ ಗೊತ್ತಿರುವುದಿಲ್ಲ.