ಎವರೆಸ್ಟ್ ತುದಿಯಲ್ಲಿ ಟೆಂಟ್ ಹಾಕಿ ಕೂತ ಮನುಷ್ಯ

ಎವರೆಸ್ಟ್ ಮೇಲೆ ನೂರೆಂಟು ದಾಖಲೆಗಳಿವೆ, ಅದರಲ್ಲಿ ನಿಜಕ್ಕೂ ಬೆರಗಾಗುವಂಥದ್ದು ಯಾವುದು ಅಂತ ಕೇಳಿದ್ದೀರಿ. ನನ್ನ ಉತ್ತರ ಬಾಬು ಚಿರಿ ಶೆರ್ಪಾ. 1999ರ ಮೇ ತಿಂಗಳಲ್ಲಿ ಅವರು ತುದಿಗೆ ಹೋದರು, ಅಲ್ಲೇ ಒಂದು ಪುಟ್ಟ ಟೆಂಟ್ ಹಾಕಿಕೊಂಡರು, ಆಕ್ಸಿಜನ್ ಸಿಲಿಂಡರ್ ಇಲ್ಲದೆ 21 ಗಂಟೆ ಇದ್ದು ಇಳಿದು ಬಂದರು. ಅಷ್ಟೇ. ಹತ್ತಿದ್ದಲ್ಲ, ಕೂತಿದ್ದು.

ಇದನ್ನು ಮೊದಲು ಓದಿದಾಗ ನನಗೂ ಏನೂ ಅನ್ನಿಸಿರಲಿಲ್ಲ, ಸುಮ್ನೆ ಕೂರೋದರಲ್ಲಿ ಏನಿದೆ ಅಂದುಕೊಂಡಿದ್ದೆ. ಅರ್ಥವಾಗಿದ್ದು ಎವರೆಸ್ಟ್ ಬೇಸ್ ಕ್ಯಾಂಪ್ ದಾರಿಯಲ್ಲಿ ಸಿಗುವ ಗೋರಕ್‌ಶೆಪ್ ಅನ್ನುವ ತಂಗುದಾಣದಲ್ಲಿ. ನಾನು ಪರ್ವತಾರೋಹಿ ಅಲ್ಲ, ಕುಮಾರ ಪರ್ವತವನ್ನು ಎರಡು ಸಲ ಹತ್ತಿ ಇಳಿದ ಜಂಬದಲ್ಲಿ ಗೆಳೆಯರ ಜೊತೆ ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್‌ಗೆ ಹೋದವನು. ಗೋರಕ್‌ಶೆಪ್ ಇರುವುದು 5,164 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಬಗ್ಗಿ ಒಂದು ಶೂ ಲೇಸ್ ಕಟ್ಟಿದೆ, ಏದುಸಿರು ಬಂತು, ಮಂಚದ ಮೇಲೆ ಕೂತು ಸುಧಾರಿಸಿಕೊಂಡೆ, ಆಮೇಲೆ ಇನ್ನೊಂದು ಶೂಗೆ ಕೈ ಹಾಕಿದೆ. ಹಿಂದಿನ ರಾತ್ರಿ ಕಣ್ಣು ಮುಚ್ಚಿದಾಗೆಲ್ಲ ಉಸಿರು ನಿಂತ ಹಾಗಾಗಿ ಗಕ್ಕನೆ ಎದ್ದು ಕೂರುತ್ತಿದ್ದೆ. ಲಾಡ್ಜಿನವರು ಕೊಟ್ಟ ಬೆಳ್ಳುಳ್ಳಿ ಸೂಪ್ ಎರಡು ಬಟ್ಟಲು ಕುಡಿದರೂ ತಲೆನೋವು ಹೋಗಲಿಲ್ಲ. ಆ ಜಾಗದಿಂದ ತುದಿ ಇನ್ನೂ ಮೂರೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಮೇಲಿದೆ, ನೆಟ್ಟಗೆ ಮೇಲಕ್ಕೆ!

ಅಲ್ಲಿ, 8,848 ಮೀಟರ್‌ನಲ್ಲಿ, ಗಾಳಿಯ ಒತ್ತಡ ನಮ್ಮ ಮಂಗಳೂರಿನ ಕಡಲ ದಡದಲ್ಲಿ ಇರುವುದರ ಮೂರನೇ ಒಂದು ಭಾಗ. ಆಮ್ಲಜನಕದ ಪಾಲು ಎಲ್ಲ ಕಡೆ ಒಂದೇ, ಶೇ 21, ಆದರೆ ಒತ್ತಡವೇ ಇಲ್ಲದಿದ್ದರೆ ಒಂದು ಉಸಿರಿಗೆ ಸಿಗುವುದು ಅಷ್ಟಕ್ಕಷ್ಟೆ. 8,000 ಮೀಟರ್ ದಾಟಿದ ಮೇಲೆ ದೇಹ ಎಷ್ಟು ವಿಶ್ರಾಂತಿ ಕೊಟ್ಟರೂ ಚೇತರಿಸಿಕೊಳ್ಳುವುದಿಲ್ಲ, ಕೂತಲ್ಲೇ ಕರಗುತ್ತಾ ಹೋಗುತ್ತದೆ. ಅದಕ್ಕೇ ತುದಿ ತಲುಪಿದವರು ಒಂದೆರಡು ಫೋಟೊ ತೆಗೆಸಿಕೊಂಡು, ಬೇಗ ಇಳಿಯುವ ದಾರಿ ನೋಡುತ್ತಾರೆ. 1978ರಲ್ಲಿ ರೀನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಸಿಲಿಂಡರ್ ಇಲ್ಲದೆ ಹತ್ತಿ ಬರುವವರೆಗೆ, ಹಾಗೆ ಹೋದರೆ ಮಿದುಳು ಕೆಡುತ್ತದೆ ಅಂತಲೇ ಎಷ್ಟೋ ಡಾಕ್ಟರುಗಳು ನಂಬಿದ್ದರು. ಅಂಥ ಜಾಗದಲ್ಲಿ ಈ ಪುಣ್ಯಾತ್ಮ ಒಂದು ಇಡೀ ರಾತ್ರಿ ಕಳೆದರು, ಅದೂ ನಿದ್ದೆ ಮಾಡದೆ, ಯಾಕೆಂದರೆ ನಿದ್ದೆ ಹೋದರೆ ಮತ್ತೆ ಏಳುವ ಗ್ಯಾರಂಟಿ ಇರಲಿಲ್ಲ.

ಮುಂದಿನ ವರ್ಷ, 2000ದಲ್ಲಿ, ಅದೇ ಬಾಬು ಚಿರಿ ಬೇಸ್ ಕ್ಯಾಂಪಿನಿಂದ ತುದಿಗೆ 16 ಗಂಟೆ 56 ನಿಮಿಷದಲ್ಲಿ ಹೋದರು. ಬೇರೆಯವರಿಗೆ ಇದೇ ದಾರಿಗೆ ನಾಲ್ಕೈದು ದಿನ ಬೇಕು. ಶಾಲೆಗೆ ಹೋಗದೆ ಬೆಳೆದವರು, ತನ್ನ ಊರಿನ ಮಕ್ಕಳಿಗೆ ಒಂದು ಶಾಲೆ ಆಗಬೇಕು ಅನ್ನುವ ಆಸೆ ಇತ್ತು. ಹತ್ತು ಸಲ ತುದಿ ಮುಟ್ಟಿ ಬಂದ ಅವರು 2001ರ ಏಪ್ರಿಲ್‌ನಲ್ಲಿ ಎರಡನೇ ಕ್ಯಾಂಪಿನ ಹತ್ತಿರ ಫೋಟೊ ತೆಗೆಯಲು ಹೋಗಿ ಹಿಮದ ಬಿರುಕಿನೊಳಗೆ ಬಿದ್ದು ತೀರಿಕೊಂಡರು. ವಯಸ್ಸು 35. ತುದಿಯಲ್ಲಿ ರಾತ್ರಿ ಕಳೆದು ಬಂದವರು ಕ್ಯಾಂಪಿನ ಪಕ್ಕದಲ್ಲಿ ಹೋಗಿಬಿಟ್ಟರಲ್ಲ ಅಂತ ನನಗೆ ಈಗಲೂ ಸಂಕಟ.

ಬಾಬು ಚಿರಿಯಷ್ಟೇ ನನ್ನನ್ನು ಕಾಡುವ ಇನ್ನೊಬ್ಬರು ಆಂಗ್ ರೀಟಾ ಶೆರ್ಪಾ. 1983ರಿಂದ 1996ರ ನಡುವೆ ಹತ್ತು ಸಲ ಹತ್ತಿದರು, ಎಲ್ಲವೂ ಸಿಲಿಂಡರ್ ಇಲ್ಲದೆ. ಅದರಲ್ಲೊಂದು 1987ರ ಡಿಸೆಂಬರ್ 22ರಂದು, ನಡು ಚಳಿಗಾಲದಲ್ಲಿ. ಆ ಸಲ ಹವಾಮಾನ ಕೆಟ್ಟು, ತುದಿಯ ಹತ್ತಿರ ದಾರಿ ತಪ್ಪಿ, ಆಂಗ್ ರೀಟಾ ಮತ್ತು ಜೊತೆಗಿದ್ದ ಕೊರಿಯಾದವರು ರಾತ್ರಿಯಿಡೀ ಕೈಕಾಲು ಆಡಿಸುತ್ತಾ, ವ್ಯಾಯಾಮ ಮಾಡುತ್ತಾ ಜೀವ ಉಳಿಸಿಕೊಂಡರು. ಶೂ ಲೇಸ್ ಕಟ್ಟಲಾಗದ ನನಗೆ ಇದನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ.

ಈ ಆಂಗ್ ರೀಟಾ ನೇಪಾಳದ ಥಾಮೆ ಅನ್ನುವ ಹಳ್ಳಿ ಕಡೆಯವರು. 21 ಸಲ ಹತ್ತಿದ ಅಪಾ ಶೆರ್ಪಾ ಥಾಮೆಯವರು. 1994ರಲ್ಲಿ ಶುರು ಮಾಡಿ 2025ರ ಮೇನಲ್ಲಿ 31ನೇ ಸಲ ತುದಿ ಮುಟ್ಟಿದ ಕಾಮಿ ರೀಟಾ ಶೆರ್ಪಾ ಕೂಡ ಥಾಮೆಯವರೇ. ತೇನ್‌ಸಿಂಗ್ ನೋರ್ಗೆ ಬೆಳೆದಿದ್ದೂ ಅಲ್ಲೇ. ಥಾಮೆ ಇರುವುದು ಸುಮಾರು 3,800 ಮೀಟರ್‌ನಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಆಗುವಷ್ಟು ಎತ್ತರ. ಅಲ್ಲಿ ಮಕ್ಕಳು ಆಡಿಕೊಂಡು ಬೆಳೆಯುತ್ತಾರೆ. ಟ್ರೆಕ್ ದಾರಿಯ ನಾಮ್ಚೆ ಪೇಟೆಯಲ್ಲಿ ನಮ್ಮ ಗೈಡ್ ಪಶ್ಚಿಮದ ಕಣಿವೆ ತೋರಿಸಿ, ಅಲ್ಲೇ ಥಾಮೆ ಅಂದಿದ್ದರು. ಆಗ ನಾನು ಮೊಬೈಲ್ ಚಾರ್ಜ್ ಮಾಡುವ ಗಡಿಬಿಡಿಯಲ್ಲಿ ಸರಿಯಾಗಿ ನೋಡಲೂ ಇಲ್ಲ. 2024ರ ಆಗಸ್ಟ್‌ನಲ್ಲಿ ಮೇಲಿನ ಹಿಮನದಿ ಕೆರೆ ಒಡೆದು ಆ ಊರಿಗೆ ನೀರು ನುಗ್ಗಿ, ಮನೆಗಳ ಜೊತೆ ಶಾಲೆಯೂ ಹಾಳಾಯಿತು.

ಇನ್ನು ಒಂದು ಮಾತು. 31 ಸಲ ಅಂದ ತಕ್ಷಣ ನಾವು ಸಾಹಸ ಅಂತೀವಿ, ಕಾಮಿ ರೀಟಾ ಮಾತ್ರ ಇದು ನನ್ನ ಕೆಲಸ ಅನ್ನುವ ಅರ್ಥದಲ್ಲೇ ಮಾತಾಡುತ್ತಾರೆ. ಹಗ್ಗ ಕಟ್ಟುವುದು, ಟೆಂಟ್, ಸಿಲಿಂಡರ್ ಹೊರುವುದು, ದುಡ್ಡು ಕೊಟ್ಟು ಬಂದವರನ್ನು ಹತ್ತಿಸಿ ಇಳಿಸುವುದು. ಬೇಸ್ ಕ್ಯಾಂಪಿನ ಮೇಲೆ ಹಿಮನದಿ ಬಿರುಕು ಬಿಟ್ಟು ಕುಸಿಯುತ್ತಲೇ ಇರುವ ಖುಂಬು ಐಸ್‌ಫಾಲ್ ಅನ್ನುವ ಜಾಗವನ್ನು ಬಂದ ಅತಿಥಿ ಕೆಲವೇ ಸಲ ದಾಟಿದರೆ, ಸಾಮಾನು ಹೊರುವ ಶೆರ್ಪಾ ಮತ್ತೆ ಮತ್ತೆ ದಾಟಬೇಕು. 2014ರ ಏಪ್ರಿಲ್ 18ರಂದು ಅಲ್ಲಿ ಹಿಮ ಕುಸಿದಾಗ ಸತ್ತ 16 ಜನರೂ ನೇಪಾಳದ ಕೆಲಸಗಾರರೇ.

ವೇಗದ ದಾಖಲೆಗಳ ಬಗ್ಗೆ ಸ್ವಲ್ಪ ಹುಷಾರಾಗಿರಿ. 2004ರಲ್ಲಿ ಪೆಂಬಾ ದೋರ್ಜೆ ಅನ್ನುವ ಶೆರ್ಪಾ ಬೇಸ್ ಕ್ಯಾಂಪಿನಿಂದ ತುದಿಗೆ 8 ಗಂಟೆ 10 ನಿಮಿಷದಲ್ಲಿ ಹತ್ತಿದೆ ಅಂದರು, ಸಾಕ್ಷಿ ಸಾಲದು ಅಂತ ತಕರಾರು ಎದ್ದು ವಿಷಯ ಕೋರ್ಟ್ ಮೆಟ್ಟಿಲೇರಿತು. ಆ ಸಂಖ್ಯೆಯನ್ನು ಈಗಲೂ ಕ್ವಿಜ್‌ಗಳಲ್ಲಿ ಕಣ್ಣು ಮುಚ್ಚಿ ಕೇಳುತ್ತಾರೆ.

ಹೊರಗಿನಿಂದ ಬಂದವರಲ್ಲಿ ನನಗೆ ತುಂಬಾ ಇಷ್ಟ ಇಬ್ಬರು. ಜಪಾನಿನ ಜುಂಕೊ ತಾಬೆಯಿ, 1975ರಲ್ಲಿ ಮಲಗಿದ್ದ ಟೆಂಟ್ ಮೇಲೆ ಹಿಮ ಕುಸಿದು ಹೂತುಹೋಗಿದ್ದರು, ಶೆರ್ಪಾ ಎಳೆದು ತೆಗೆದರು, 12 ದಿನ ಬಿಟ್ಟು ತುದಿ ತಲುಪಿದ ಮೊದಲ ಮಹಿಳೆಯಾದರು. ಆಮೇಲೆ ಸ್ವೀಡನ್‌ನ ಗೋರಾನ್ ಕ್ರಾಪ್. ಮನೆಯಿಂದ ಸೈಕಲ್ ತುಳಿದುಕೊಂಡು ನೇಪಾಳಕ್ಕೆ ಬಂದು, 1996ರಲ್ಲಿ ಸಿಲಿಂಡರ್ ಇಲ್ಲದೆ ಹತ್ತಿ, ವಾಪಸ್ ಹೋಗುವಾಗಲೂ ಒಂದಷ್ಟು ದಾರಿ ಸೈಕಲ್ ಮೇಲೇ ಹೋದರು! ನಮ್ಮ ದೇಶದವರು ಬೇಕು ಅಂದರೆ ಅರುಣಾಚಲದ ಅಂಶು ಜಮ್ಸೇನ್ಪಾ, ಇಬ್ಬರು ಮಕ್ಕಳ ತಾಯಿ, 2017ರ ಮೇ 16ಕ್ಕೆ ಒಮ್ಮೆ, 21ಕ್ಕೆ ಇನ್ನೊಮ್ಮೆ ಹತ್ತಿದರು.

ನೀವೂ ಬೇಸ್ ಕ್ಯಾಂಪಿಗೆ ಹೋಗುವ ಯೋಚನೆಯಲ್ಲಿದ್ದರೆ, ದಾರಿಯಲ್ಲಿ ಸಿಗುವ ಥೋಕ್ಲಾ ಅನ್ನುವ ಜಾಗದಲ್ಲಿ ಮಧ್ಯಾಹ್ನ ದಾಲ್ ಭಾತ್ ಹೊಟ್ಟೆ ಬಿರಿಯ ತಿನ್ನಬೇಡಿ. ನಾನು ತಿಂದೆ. ಊಟ ಮುಗಿದ ಕೂಡಲೇ ಕಡಿದಾದ ಏರು ಶುರುವಾಗುತ್ತದೆ, ಹತ್ತು ಹೆಜ್ಜೆಗೊಮ್ಮೆ ನಿಂತು ಹೊಟ್ಟೆ ಹಿಡಿದುಕೊಂಡೆ. ಏರಿನ ತುದಿಯಲ್ಲಿ ಮಂತ್ರದ ಬಾವುಟಗಳ ನಡುವೆ, ಪರ್ವತದಲ್ಲಿ ಸತ್ತವರ ನೆನಪಿಗೆ ಪೇರಿಸಿದ ಕಲ್ಲುಗುಡ್ಡೆಗಳಿವೆ. ಬಾಬು ಚಿರಿಯ ಸ್ಮಾರಕ ಅಲ್ಲೇ ಇದೆ. ಹುಡುಕುವ ಕಷ್ಟ ಬೇಡ, ಹೇಗಿದ್ದರೂ ಅಲ್ಲಿ ಅರ್ಧ ಗಂಟೆ ಕೂತೇ ಮುಂದೆ ಹೋಗುತ್ತೀರಿ.