ಅಗಸಿ ಹಿಂಡಿ ಕಮಟುವುದೇಕೆ?

ಪ್ರಶ್ನೆ: ಜೋಳದ ರೊಟ್ಟಿ ಜೊತೆ ದಿನಾ ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ತಿನ್ನುತ್ತೇವೆ. ಬೇಸಿಗೆಯಲ್ಲಿ ಬೇಗ ಕಮಟು ವಾಸನೆ ಬರುತ್ತದೆ. ಪುಡಿ ಮಾಡದೆ ಕಾಳನ್ನೇ ನುಂಗಬಹುದೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ನುಂಗಿದರೆ ನಷ್ಟ. ಅಗಸಿಯ ಸಿಪ್ಪೆ ಗಟ್ಟಿ, ಇಡೀ ಕಾಳು ಅರಗದೆ ಹೊರಹೋಗುತ್ತದೆ. ಪುಡಿಯೇ ಸರಿ. ಆದರೆ ಅದರ ಒಮೆಗಾ-3 ಎಣ್ಣೆ ಗಾಳಿ, ಬೆಳಕು, ಬಿಸಿಗೆ ಬೇಗ ಕೆಡುತ್ತದೆ. ರಾಯಚೂರು ಸೀಮೆಯ ಬಿಸಿಲಿನಲ್ಲಂತೂ ಕೇಳಲೇಬೇಡಿ. ತಿಂಗಳಿಗಾಗುವಷ್ಟು ಕುಟ್ಟಿಡುವುದನ್ನು ಬಿಡಿ, ವಾರಕ್ಕೆ 100 ಗ್ರಾಂ ಸಾಕು.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಚಟಪಟ ಸದ್ದು ಬರುವತನಕ ಹುರಿಯಿರಿ. ಕಪ್ಪಾದರೆ ಕಹಿ. ಪೂರ್ತಿ ಆರಿಸಿ, 6 ಒಣಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಉಪ್ಪು ಸೇರಿಸಿ ಮಿಕ್ಸಿಯನ್ನು ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹಸಿ ಬೆಳ್ಳುಳ್ಳಿಯ ತೇವವೂ ಹಿಂಡಿ ಕೆಡಿಸುತ್ತದೆ, ಅದನ್ನು ಹುರಿದೇ ಹಾಕಿ. ಬಿಗಿ ಮುಚ್ಚಳದ ಡಬ್ಬಿ, ಒಣ ಚಮಚ, ಸಾಧ್ಯವಾದರೆ ಫ್ರಿಜ್.

ದಿನಕ್ಕೆ ಒಂದು ಟೀ ಚಮಚದಿಂದ ಶುರುಮಾಡಿ, ಎರಡು ಮೂರಕ್ಕೆ ಏರಿಸಿ. ನಾರು ಹೆಚ್ಚು, ನೀರು ಕಡಿಮೆ ಕುಡಿದರೆ ಹೊಟ್ಟೆ ಕಟ್ಟುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ. ನಡುನಡುವೆ ಗುರೆಳ್ಳು ಹಿಂಡಿಯೂ ಇರಲಿ.