ನೂರು ಕ್ರೆಡಿಟ್ ಇದೆ ಅಂದೆಯಲ್ಲ ತಂಗಿ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ, 2022ರ ಸ್ಕೀಮು (ಪಠ್ಯಕ್ರಮ), ಎಂಟರಲ್ಲಿ ಐದು ಸೆಮ್ ಮುಗಿದಿದೆ. ಮದುವೆ ಗೊತ್ತಾಗಿದೆ, ಹುಡುಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾರೆ, ನೀನು ಎಚ್4, ಅಂದರೆ ಇಲ್ಲಿ ಕೆಲಸಕ್ಕಿರುವವರ ಹೆಂಡತಿಗೆ ಕೊಡುವ ವೀಸಾದಲ್ಲಿ ಬರುತ್ತೀಯ. ಪಾಸಾದ ವಿಷಯಗಳಿಗೆ ಸಿಕ್ಕ ಕ್ರೆಡಿಟ್ ಕೈಯಲ್ಲಿ ಹತ್ತಿರ ಹತ್ತಿರ ನೂರು ಇದೆ. ಅಮೆರಿಕದಲ್ಲಿ ಡಿಗ್ರಿಗೆ 120 ಸಾಕಂತೆ. ಹಾಗಾದರೆ ಉಳಿದಿದ್ದು ಇಪ್ಪತ್ತು, ಒಂದೇ ಸೆಮ್‌ನಲ್ಲಿ ಮುಗಿಸಬಹುದಾ ಅಕ್ಕ?

ಆಗಲ್ಲ ಕಣೆ.

ಬೇಜಾರು ಮಾಡಿಕೊಳ್ಳಬೇಡ. ಇದೇ ಲೆಕ್ಕ ನಾನೂ ಹಾಕಿದ್ದೆ. 2009ರಲ್ಲಿ ಹಾಸನದಿಂದ ಇಲ್ಲಿಗೆ, ಸ್ಯಾಕ್ರಮೆಂಟೊ ಕಡೆಗೆ ಬಂದಾಗ ನನ್ನದು ಇನ್ಫರ್ಮೇಶನ್ ಸೈನ್ಸ್, ನಾಲ್ಕು ಸೆಮ್ ಆಗಿತ್ತು. ಅರ್ಧ ಮುಗಿದಿದೆ, ಇನ್ನರ್ಧ ಎರಡು ವರ್ಷ ಅಂದುಕೊಂಡಿದ್ದೆ. ಗೌನು ಹಾಕಿಕೊಂಡಿದ್ದು 2015ರಲ್ಲಿ. ನಡುವೆ ಮಗಳೂ ಹುಟ್ಟಿದಳು, ಅದನ್ನೂ ಲೆಕ್ಕಕ್ಕೆ ಸೇರಿಸು. ಆದರೂ ಆರು ವರ್ಷ ಆರು ವರ್ಷವೇ.

ಅದಕ್ಕೇ ಮೊದಲು ನೀನು ಕೇಳದೇ ಇರೋದನ್ನು ಹೇಳಿಬಿಡುತ್ತೇನೆ. ಸಾಧ್ಯವಾದರೆ ಬಿಇ ಮುಗಿಸಿಕೊಂಡೇ ಬಾ. ನಿನಗೆ ಉಳಿದಿರೋದು ಮೂರು ಸೆಮ್. ನಿಮ್ಮ ಸ್ಕೀಮ್‌ನಲ್ಲಿ ಅದರಲ್ಲೂ ಒಂದು ಸೆಮ್ ಬಹುಪಾಲು ಇಂಟರ್ನ್‌ಶಿಪ್‌ಗೇ ಹೋಗುತ್ತದೆ. ಕ್ಲಾಸಿನಲ್ಲಿ ಕೂರೋದು ಎರಡೇ ಸೆಮ್ ಅಂದುಕೋ. ನಾಲ್ಕು ವರ್ಷದ ಬಿಇ ಕೈಯಲ್ಲಿದ್ದರೆ ಇಲ್ಲಿ ಬಂದು ನೇರವಾಗಿ ಎಂಎಸ್‌ಗೆ ಅರ್ಜಿ ಹಾಕಬಹುದು. ಆಗ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಅಂತ ಯಾರೂ ಒಂದೊಂದಾಗಿ ಕೆದಕುವುದಿಲ್ಲ. ಅರ್ಧಕ್ಕೆ ಬಿಟ್ಟು ಬಂದರೆ, ನನ್ನ ಅಂದಾಜಿನಲ್ಲಿ, ಆ ಮೂರು ಸೆಮ್ ಜಾಗದಲ್ಲಿ ಇಲ್ಲಿ ಮೂರು ವರ್ಷ ಇಟ್ಟುಕೋ. ಮದುವೆ ಮುಂದಕ್ಕೆ ಹಾಕು ಅಂತ ನಾನು ಹೇಳುತ್ತಿಲ್ಲ, ನಿಮ್ಮ ಮನೆಯವರು ನನ್ನನ್ನು ಬೈದಾರು. ಮದುವೆಯಾಗಿ, ಓದು ಮುಗಿಸಿ, ಆಮೇಲೆ ವಿಮಾನ ಹತ್ತಿದವರೂ ಬೇಕಾದಷ್ಟು ಜನ ಇದ್ದಾರೆ. ಹುಡುಗನ ಹತ್ತಿರ ಒಮ್ಮೆ ಕೂತು ಮಾತಾಡು. ಇಲ್ಲಿಗೆ ಬಂದು ಅಲ್ಲಿನದನ್ನು ದೂರದಿಂದಲೇ ಮುಗಿಸುತ್ತೇನೆ ಅನ್ನೋ ಯೋಚನೆ ಇದ್ದರೆ ಬಿಟ್ಟುಬಿಡು. ಶೇಕಡ 85 ಹಾಜರಿ ಎಲ್ಲಿಂದ ತರುತ್ತೀಯ?

ಅದು ಆಗೋದೇ ಇಲ್ಲ, ಬರಲೇಬೇಕು ಅಂತಿದ್ದರೆ ಮುಂದೆ ಓದು.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ರೆಡಿಟ್ ಅನ್ನೋದಕ್ಕಿಂತ ಯೂನಿಟ್ ಅನ್ನೋದೇ ಜಾಸ್ತಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎರಡು ಬಳಗ. ಒಂದು ಯುಸಿ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ: ಬರ್ಕ್ಲಿ, ಡೇವಿಸ್, ಸ್ಯಾಂಟಾ ಕ್ರೂಸ್ ಇತ್ಯಾದಿ. ಇನ್ನೊಂದು ಸಿಎಸ್‌ಯು, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ. ನಿನಗೆ ಹತ್ತಿರವಾಗುವ ಸ್ಯಾನ್ ಹೊಸೆ ಸ್ಟೇಟ್, ಈಸ್ಟ್ ಬೇ ಎರಡೂ ಈ ಬಳಗದವು. ಯುಸಿಯವರು ಕೆಳಹಂತದ (ಮೊದಲೆರಡು ವರ್ಷದ) ವಿಷಯಗಳಿಗೆ ಹೊರಗಿನಿಂದ ತಂದಿದ್ದರಲ್ಲಿ 70 ಸೆಮಿಸ್ಟರ್ ಯೂನಿಟ್‌ವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಸಿಎಸ್‌ಯುನಲ್ಲಿ ಡಿಗ್ರಿ ಬೇಕಾದರೆ ಕಡಿಮೆ ಅಂದರೂ 30 ಯೂನಿಟ್ ಅದೇ ಕ್ಯಾಂಪಸ್‌ನಲ್ಲಿ ಓದಿರಬೇಕು, ಅದರಲ್ಲಿ 24 ಮೇಲ್ಹಂತದ್ದಾಗಿರಬೇಕು. ನಿನ್ನ 120 ಕಳೆ 100 ಅಲ್ಲೇ ಬಿದ್ದುಹೋಯಿತು ನೋಡು.

ಇದಲ್ಲದೆ ಸಿಎಸ್‌ಯುಗೆ ಟ್ರಾನ್ಸ್‌ಫರ್ ಆಗಿ ಹೋಗುವವರಿಗೆ 'ಗೋಲ್ಡನ್ ಫೋರ್' ಅಂತ ನಾಲ್ಕು ವಿಷಯ ಮೊದಲೇ ಆಗಿರಬೇಕು. ಇಂಗ್ಲಿಷ್ ಬರವಣಿಗೆ, ಭಾಷಣ, ತರ್ಕ, ಗಣಿತ. ನಮ್ಮ ಕಮ್ಯುನಿಕೇಟಿವ್ ಇಂಗ್ಲಿಷ್ ಪೇಪರ್ ತೋರಿಸಿ ಇಂಗ್ಲಿಷ್ ಬರವಣಿಗೆ ಮುಗಿಯಿತು ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಮೆರಿಕದ ಇತಿಹಾಸ, ಅವರ ಸಂವಿಧಾನ, ಕ್ಯಾಲಿಫೋರ್ನಿಯಾದ ಸರ್ಕಾರ ಇವೂ ಓದಬೇಕು. ಅಲ್ಲಿ ಒಂದು ಕ್ರೆಡಿಟ್‌ಗೆ ಭಾರತದ ಸಂವಿಧಾನ ಓದಿದ್ದೀಯಲ್ವಾ? ಇಲ್ಲಿ ಇವರದ್ದು. ಅನ್ಯಾಯ ಅಂತ ನನಗೇನೂ ಅನ್ನಿಸಲಿಲ್ಲ. ನಿಜ ಹೇಳಬೇಕಂದರೆ ಆ ಇತಿಹಾಸದ ಕ್ಲಾಸಿನಿಂದಲೇ ನನಗೆ ಇಲ್ಲಿನ ಪೇಪರ್ ಓದಿದರೆ ಅರ್ಥವಾಗೋಕೆ ಶುರುವಾಗಿದ್ದು.

ಈಗ ಮುಖ್ಯವಾದ ಮಾತು. 'ಎಷ್ಟು ಕ್ರೆಡಿಟ್ ತಗೋತಾರೆ' ಅಂತ ಕೇಳಬೇಡ. 'ಯಾವ ವಿಷಯ ನಾನು ಮತ್ತೆ ಓದಬೇಕಾಗಿಲ್ಲ' ಅಂತ ಕೇಳು. ಎರಡಕ್ಕೂ ಅಜಗಜಾಂತರ ಇದೆ. ನನಗೆ ಮೊದಲ ಪತ್ರ ಬಂದಾಗ ಐವತ್ತು ಚಿಲ್ಲರೆ ಯೂನಿಟ್ ಒಪ್ಪಿದ್ದಾರೆ ಅಂತ ಕುಣಿದಾಡಿದ್ದೆ. ಊರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿಯಾಯಿತು. ಆಮೇಲೆ ನಿಧಾನವಾಗಿ ನೋಡಿದರೆ ಅರ್ಧದ ಮೇಲೆ 'ಇಲೆಕ್ಟಿವ್', ಅಂದರೆ ಬರೀ ಒಟ್ಟು ಲೆಕ್ಕಕ್ಕೆ ಸೇರುವ ಐಚ್ಛಿಕ ವಿಷಯ, ಅಂತ ಬರೆದಿದೆ. ವರ್ಕ್‌ಶಾಪ್‌ನಲ್ಲಿ ಎರಡು ಕಬ್ಬಿಣದ ತುಂಡು ಹಿಡಿದು, ಅರದಿಂದ ಉಜ್ಜಿ ಉಜ್ಜಿ, ಒಂದರೊಳಗೆ ಒಂದು ಕೂರುವ ಹಾಗೆ ಮಾಡಿದ್ದೆವಲ್ಲ, ಅದಕ್ಕೂ ಯೂನಿಟ್ ಕೊಟ್ಟಿದ್ದರು! ಇಂಜಿನಿಯರಿಂಗ್ ಡ್ರಾಯಿಂಗ್‌ಗೂ ಕೊಟ್ಟಿದ್ದರು. ಆದರೆ ಕಂಪ್ಯೂಟರ್ ಸೈನ್ಸ್ ಡಿಗ್ರಿಯ ಪಟ್ಟಿಯಲ್ಲಿ ಅವಕ್ಕೆ ಜಾಗವೇ ಇಲ್ಲ. ಎಲೆಗೆ ಉಪ್ಪಿನಕಾಯಿಯನ್ನೇ ಎಂಟು ಸಲ ಬಡಿಸಿದ ಹಾಗೆ. ಎಲೆಯೇನೋ ತುಂಬಿತು, ಅನ್ನ ಎಲ್ಲಿ?

ಗಣಿತದ ಕಥೆ ಇನ್ನೂ ಚೆನ್ನಾಗಿದೆ. ನಮ್ಮ ಕಾಲದಲ್ಲಿ ವಿಟಿಯುನಲ್ಲಿ ಗಣಿತದ ಪೇಪರ್ ಎಂ1, ಎಂ2, ಎಂ3, ಎಂ4. ಇಲ್ಲಿ ಕ್ಯಾಲ್ಕುಲಸ್ ಒಂದು, ಎರಡು, ಮೂರು, ಆಮೇಲೆ ಲೀನಿಯರ್ ಆಲ್ಜಿಬ್ರಾ, ಡಿಫರೆನ್ಷಿಯಲ್ ಈಕ್ವೇಶನ್ಸ್ ಅಂತ ಬೇರೆ ಬೇರೆ. ಸರಕು ಅದೇ, ಕತ್ತರಿಸಿದ ರೀತಿ ಬೇರೆ. ಇವರ ಒಂದು ಕೋರ್ಸಿನಲ್ಲಿ ಇರೋದು ನಮ್ಮಲ್ಲಿ ಎಂ1ರಲ್ಲಿ ಒಂದಿಷ್ಟು, ಎಂ2ರಲ್ಲಿ ಒಂದಿಷ್ಟು ಹಂಚಿಹೋಗಿದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಇವರ ಕ್ಯಾಲ್ಕುಲಸ್ ಒಂದರಲ್ಲಿ ಬರುವ ಲಿಮಿಟ್, ಡೆರಿವೇಟಿವ್, ಇಂಟಿಗ್ರಲ್ ಎಲ್ಲ ನಾವು ಓದಿದ್ದು ಪಿಯುಸಿಯಲ್ಲಿ. ಪಿಯುಸಿ ಇವರ ಲೆಕ್ಕದಲ್ಲಿ ಹೈಸ್ಕೂಲು. ಹೈಸ್ಕೂಲಿಗೆ ಯೂನಿಟ್ ಇಲ್ಲ. ಹಾಗಾಗಿ ನನ್ನ ಮುಂದೆ ಕೂತ ಸಲಹೆಗಾರ್ತಿ ಕನ್ನಡಕ ಮೇಲೆತ್ತಿ ಕೇಳಿದಳು, 'ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಮಾಡಿದ್ದೀಯ, ಕ್ಯಾಲ್ಕುಲಸ್ ಒಂದು ಮಾಡಿಲ್ಲವಲ್ಲ?' ಮನೆಗೆ ಪಾಯವೇ ಇಲ್ಲ, ತಾರಸಿ ಇದೆ ಅನ್ನೋ ಹಾಗೆ. ಕೊನೆಗೆ 'ಚಾಲೆಂಜ್ ಎಕ್ಸಾಮ್' ಬರೆದು ದಾಟಿದೆ. ಪರೀಕ್ಷೆ ಪಾಸಾದರೆ ಕ್ಲಾಸಿನಲ್ಲಿ ಕೂರದೆಯೇ ಯೂನಿಟ್ ಕೊಡುವ ವ್ಯವಸ್ಥೆ ಅದು. ಇಂಥದ್ದಿದೆ ಅಂತ ತಾನಾಗಿ ಯಾರೂ ಹೇಳಲಿಲ್ಲ. ನೀನು ಹೋದ ಕಡೆಯಲ್ಲೆಲ್ಲ ಬಾಯಿಬಿಟ್ಟು ಕೇಳು.

ಇದಕ್ಕೆಲ್ಲ ಬೇಕಾಗೋದು ಸಿಲಬಸ್. ಮಾರ್ಕ್ಸ್ ಕಾರ್ಡ್‌ಗಿಂತ ಅದೇ ಮುಖ್ಯ. ಮಾರ್ಕ್ಸ್ ಕಾರ್ಡ್‌ನಲ್ಲಿ ವಿಷಯದ ಹೆಸರು, ಗ್ರೇಡು ಇರುತ್ತದೆ, ಒಳಗೇನು ಓದಿದೆ ಅಂತ ಇರಲ್ಲ. ನಮ್ಮ ಕಾಲದ ಕಾರ್ಡ್‌ನಲ್ಲಂತೂ ಕ್ರೆಡಿಟ್ಟೂ ಇರಲಿಲ್ಲ. ಇಂಟರ್ನಲ್ಸ್ 25, ಪರೀಕ್ಷೆ 100, ಒಟ್ಟು 125ಕ್ಕೆ ಇಷ್ಟು, ಅಷ್ಟೇ. ನಾನು ಸಿಲಬಸ್ ಪುಸ್ತಕವನ್ನು ಹಾಸನದ ಮನೆ ಅಟ್ಟದ ಮೇಲೆ ಬಿಟ್ಟು ಬಂದಿದ್ದೆ. ಅಪ್ಪ ಏಣಿ ಹಾಕಿ ಹುಡುಕಿದರು. ಒಂದು ಮೂಲೆ ಇಲಿ ಕಡಿದಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿ, ಪ್ರತಿ ಪುಟಕ್ಕೂ ಸೀಲು ಹಾಕಿಸೋಕೆ ಕಾಲೇಜಿಗೆ ಹೋದರು. ಮೊದಲ ದಿನ ಎಚ್‌ಒಡಿ ರಜೆ. ಎರಡನೇ ದಿನ ಸೀಲು ಬೀರುವಿನಲ್ಲಿದೆ, ಬೀಗದ ಕೈ ಇದ್ದವರು ಮದುವೆಗೆ ಹೋಗಿದ್ದಾರೆ. ಮೂರನೇ ದಿನ 'ಅಮೆರಿಕದವರು ಇದನ್ನೆಲ್ಲ ಯಾಕೆ ಕೇಳ್ತಾರೆ' ಅಂತ ವಿಚಾರಣೆ. ನಾಲ್ಕನೇ ದಿನ ನೀಲಿ ಸೀಲು ಬಿತ್ತು. ಅರವತ್ತು ದಾಟಿದ ಮನುಷ್ಯ ನಾಲ್ಕು ದಿನ ಬಸ್ಸಿನಲ್ಲಿ ಓಡಾಡಿದರು. ಆ ಸ್ಪೈರಲ್ ಬೈಂಡಿಂಗ್ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಬಿಸಾಕಲು ಮನಸ್ಸು ಬಂದಿಲ್ಲ.

ನಿನಗೆ ಆ ಪಾಡು ಬೇಡ. ವಿಟಿಯು ಜಾಲತಾಣದಲ್ಲಿ ಸ್ಕೀಮು, ಸಿಲಬಸ್ ಎರಡೂ ಪಿಡಿಎಫ್ ಇವೆ. ಐದು ಸೆಮ್‌ದೂ ಇವತ್ತೇ ಇಳಿಸಿಕೋ. ನೀನಿನ್ನೂ ಅಲ್ಲೇ ಇದ್ದೀಯಲ್ಲ, ನೀನೇ ಸೀಲು ಹಾಕಿಸು. ಲ್ಯಾಬ್‌ಗಳದ್ದೂ ಬಿಡಬೇಡ. ಎಲ್ಲ ಸೆಮ್‌ನ ಮಾರ್ಕ್ಸ್ ಕಾರ್ಡ್, ಟ್ರಾನ್ಸ್‌ಕ್ರಿಪ್ಟ್‌ನ ಸೀಲ್ ಮಾಡಿದ ಲಕೋಟೆ ಎರಡು ಮೂರು ಪ್ರತಿ ತಂದುಕೋ. ಲಕೋಟೆ ಒಡೆದು ನೋಡಬೇಡ. ಒಡೆದರೆ ಅದು ಸುಮ್ನೆ ಕಾಗದ.

ಡಬ್ಲ್ಯುಇಎಸ್ ಅನ್ನೋ ಸಂಸ್ಥೆಯಿಂದ, ನಮ್ಮ ಓದು ಇಲ್ಲಿನ ಯಾವುದಕ್ಕೆ ಸಮ ಅಂತ ಅಳೆಯುವ ವರದಿ ಮಾಡಿಸಲಾ ಅಂತಲೂ ಕೇಳಿದ್ದೀಯ. ಈಗಲೇ ದುಡ್ಡು ಕಟ್ಟಬೇಡ. ಯಾವ ಕಾಲೇಜು ಯಾರ ವರದಿ ಕೇಳುತ್ತದೆ ಅಂತ ಮೊದಲು ನೋಡು. ಯುಸಿಯವರು ಹೊರದೇಶದ ಓದನ್ನು ತಾವೇ ಅಳೆಯುತ್ತಾರೆ. ವರದಿ ಕೇಳಿದವರು ಸಾಮಾನ್ಯವಾಗಿ ಡಬ್ಲ್ಯುಇಎಸ್, ಇಸಿಇ ಥರದ, ನೇಸಸ್ (ಹೀಗೆ ಅಳೆಯುವ ಸಂಸ್ಥೆಗಳ ಒಕ್ಕೂಟ) ಸದಸ್ಯ ಸಂಸ್ಥೆಯದ್ದು ಕೇಳುತ್ತಾರೆ. ಮಾಡಿಸೋದಾದರೆ 'ಕೋರ್ಸ್ ಬೈ ಕೋರ್ಸ್' ವರದಿಯೇ ಆಗಬೇಕು. ಅಗ್ಗದ್ದು ಅಂತ ಇನ್ನೊಂದು ಮಾಡಿಸಿದರೆ ಅದರಲ್ಲಿ ನಿನ್ನ ಓದು ಒಟ್ಟಾರೆ ಇಲ್ಲಿನ ಯಾವುದಕ್ಕೆ ಸಮ ಅಂತ ಮಾತ್ರ ಇರುತ್ತದೆ, ಒಂದೊಂದು ವಿಷಯದ ಲೆಕ್ಕ ಇರಲ್ಲ. ನಾನು ಅಗ್ಗದ್ದೇ ಮಾಡಿಸಿದ್ದೆ. ಎರಡು ಸಲ ದುಡ್ಡು ಹೋಯಿತು.

ಬ್ಯಾಕ್, ಅಂದರೆ ಫೇಲಾಗಿ ಉಳಿದ ಪೇಪರ್, ಇದ್ದರೆ ಮುಚ್ಚಿಡಬೇಡ. ಹಿಂದೆ ಎಲ್ಲೆಲ್ಲಿ ಓದಿದ್ದೀಯೋ ಎಲ್ಲವನ್ನೂ ಅರ್ಜಿಯಲ್ಲಿ ಬರೆಯಲೇಬೇಕು. ವಿಟಿಯು ಬರೆಯದೆ ಹೊಸದಾಗಿ ಶುರು ಮಾಡೋಣ ಅಂತ ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡ, ಗೊತ್ತಾದ ದಿನ ಸೀಟೂ ಹೋಗುತ್ತದೆ.

ದಾರಿ ಯಾವುದು ಅಂದರೆ, ನಾನಾದರೆ ಮೊದಲೆರಡು ವರ್ಷದ ಓದನ್ನು ಕಡಿಮೆ ಫೀಸಿನಲ್ಲಿ ಕೊಡುವ ಕಮ್ಯುನಿಟಿ ಕಾಲೇಜಿನಿಂದಲೇ ಶುರು ಮಾಡುತ್ತಿದ್ದೆ. ಫ್ರೀಮಾಂಟ್‌ನಲ್ಲೇ ಓಲೋನಿ ಇದೆ, ಕ್ಯೂಪರ್ಟಿನೊದಲ್ಲಿ ಡಿ ಆಂಜಾ. ಡಿ ಆಂಜಾದಲ್ಲಿ ಕ್ವಾರ್ಟರ್ ಲೆಕ್ಕ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿ), ಅಲ್ಲಿನ ಮೂರು ಯೂನಿಟ್ ಅಂದರೆ ಸೆಮಿಸ್ಟರ್‌ನ ಎರಡು. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, ಕ್ವಾರ್ಟರ್ ಯೂನಿಟ್‌ಗೆ 31. ಹೊರಗಿನವರಿಗೆ ಇದರ ಎಷ್ಟೋ ಪಟ್ಟು. ಎಚ್4ನವರೂ ಇಲ್ಲಿ ಒಂದು ವರ್ಷ ಒಂದು ದಿನ ವಾಸವಿದ್ದು, ಇಲ್ಲೇ ನೆಲೆಸುವ ಉದ್ದೇಶ ತೋರಿಸಿದರೆ ನಿವಾಸಿ ಫೀಸಿಗೆ ಬರಬಹುದು. ಅದಕ್ಕೇ ಬಂದ ವಾರವೇ ಬ್ಯಾಂಕ್ ಖಾತೆ, ಮನೆ ಬಾಡಿಗೆ ಕರಾರು ಎಲ್ಲದರಲ್ಲೂ ನಿನ್ನ ಹೆಸರು ಸೇರಿಸಿಸು. ಗಂಡನ ಹೆಸರಲ್ಲಿದ್ದರೆ ಸಾಕು ಅಂತ ನಾನು ಸುಮ್ಮನಿದ್ದೆ. ಪುರಾವೆ ಕೇಳಿದಾಗ ನನ್ನ ಹೆಸರಲ್ಲಿ ಇದ್ದಿದ್ದು ಒಂದು ಲೈಬ್ರರಿ ಕಾರ್ಡ್.

ಅಲ್ಲಿಂದ ಯುಸಿ, ಸಿಎಸ್‌ಯುಗೆ ಯಾವ ಕೋರ್ಸು ಯಾವುದಕ್ಕೆ ಸಮ ಅಂತ ನೋಡೋಕೆ ಅಸಿಸ್ಟ್ ಅನ್ನೋ ಜಾಲತಾಣ ಇದೆ. ಅದರಲ್ಲಿ ಇರೋದನ್ನು ಕಾಲೇಜುಗಳು ಮೊದಲೇ ಒಪ್ಪಿರುತ್ತವೆ. ವಿಟಿಯು ಅದರಲ್ಲಿ ಸಿಗಲ್ಲ, ಹುಡುಕಬೇಡ. ಎಚ್4ನಲ್ಲಿ ಕೆಲಸದ ಅನುಮತಿ (ಇಎಡಿ) ಸಿಕ್ಕದ ಹೊರತು ಸಂಬಳದ ಇಂಟರ್ನ್‌ಶಿಪ್ ಆಗಲ್ಲ ಅನ್ನೋದೂ ತಲೆಯಲ್ಲಿರಲಿ. ಅದಕ್ಕಾಗಿ ವಿದ್ಯಾರ್ಥಿ ವೀಸಾ ಎಫ್1ಗೆ ಬದಲಾದರೆ ಫೀಸು ಹೊರಗಿನವರದ್ದು. ಎರಡನ್ನೂ ಮನೆಯಲ್ಲಿ ಕೂತು ಲೆಕ್ಕ ಹಾಕಿ.

ಒಂದು ಖುಷಿಯ ವಿಷಯ ಹೇಳಿಬಿಡುತ್ತೇನೆ. ನನ್ನ ಕಾಲದಲ್ಲಿ ಯುಸಿಗೆ ಟ್ರಾನ್ಸ್‌ಫರ್ ಆಗುವವರ ಸಾಮಾನ್ಯ ವಿಷಯಗಳ ಪಟ್ಟಿಯಲ್ಲಿ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಬರಬೇಕು ಅಂತ ಇತ್ತು. ಎಲ್ಲರೂ ಸ್ಪ್ಯಾನಿಷ್ ಕ್ಲಾಸಿಗೆ ಓಡುತ್ತಿದ್ದರು. ನಿಯಮ ಓದಿದರೆ, ಆರನೇ ಕ್ಲಾಸು ಅಥವಾ ಅದರ ಮೇಲೆ ಎರಡು ವರ್ಷ ಬೇರೆ ಭಾಷೆಯ ಮಾಧ್ಯಮದಲ್ಲಿ ಓದಿದ್ದರೆ ಸಾಕು! ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಊರಿನ ಶಾಲೆಯಿಂದ ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರ ತರಿಸಿ, ಇಂಗ್ಲಿಷ್‌ಗೆ ಅನುವಾದ ಮಾಡಿಸಿ ಕೊಟ್ಟೆ. ಒಪ್ಪಿಕೊಂಡರು. ಪಿಯುಸಿಗೆ ಹೋದಾಗ ಕನ್ನಡ ಮೀಡಿಯಂ ಅಂತ ಹಿಂದಿನ ಬೆಂಚಿನಲ್ಲಿ ಅತ್ತಿದ್ದೆ ನಾನು. 2025ರಿಂದ ಆ ಪಟ್ಟಿಯ ಬದಲು ಕ್ಯಾಲ್-ಗೆಟ್ಸಿ ಅಂತ ಹೊಸದು ಬಂದಿದೆ, ಅದರಲ್ಲಿ ಭಾಷೆಯ ಭಾಗ ಇಲ್ಲ. ಆದರೂ ಕೆಲವು ಕ್ಯಾಂಪಸ್‌ಗಳು ಡಿಗ್ರಿಗೆ ಮೊದಲು ಕೇಳುವುದುಂಟು. ನೀನೂ ಕನ್ನಡ ಮೀಡಿಯಂ ಆಗಿದ್ದರೆ ಆ ಪ್ರಮಾಣಪತ್ರವನ್ನೂ ಸೂಟ್‌ಕೇಸಿಗೆ ಹಾಕಿಕೋ.

ಹುಡುಗನ ಹತ್ತಿರ ಮಾತಾಡಿ ಏನಾಯಿತು ಅಂತ ಬರಿ. ಮುಗಿಸಿಕೊಂಡೇ ಬರ್ತೀನಿ ಅಂತಾದರೆ ಇದರಲ್ಲಿ ಮುಕ್ಕಾಲು ಭಾಗ ನಿನಗೆ ಬೇಕಾಗೋದೇ ಇಲ್ಲ. ಈಗಲೇ ಬರೋದಾದರೆ ಐದು ಸೆಮ್‌ನ ಸಿಲಬಸ್ ನನಗೆ ಕಳಿಸು, ಗಣಿತದ್ದು ಯಾವುದು ಯಾವುದಕ್ಕೆ ಹೊಂದುತ್ತದೆ ಅಂತ ಒಂದು ಭಾನುವಾರ ಕೂತು ಗುರುತು ಹಾಕೋಣ. ಸೀಲು ಹಾಕಿಸೋಕೆ ಹೋಗುವ ಮೊದಲು ಬೀಗದ ಕೈ ಯಾರ ಹತ್ತಿರ ಇದೆ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗು.